ಬುರುಜಿನ ಮೇಲಿನ ಅಜ್ಜಿ

ಕೆಳಗೆ ಬಾಗಿಲು ಧಡ್ ಎಂದು ಮುಚ್ಚಿತು. ಬೀಗ ತಿರುಗಿದ ಸದ್ದೂ ಕೇಳಿತು. ಕೋಟೆಯ ಕಾವಲುಗಾರ ಊಟಕ್ಕೆ ಹೊರಟ. ಸ್ಪೇನಿನ ಆಂಡಲೂಸಿಯದಲ್ಲಿ ಮಧ್ಯಾಹ್ನ ಉಂಡು ಮಲಗಿದವನು ಏಳುವುದು ಸಂಜೆಗೇ.

ಹೊರಡುವ ಮುನ್ನ ಅವನು ಮೇಲಕ್ಕೆ ಏನೋ ಕೂಗಿ ಕೇಳಿದ್ದ. ಆ ಗಡಗಡ ಸ್ಪ್ಯಾನಿಷ್ ಹ್ಯಾರಿಯೆಟ್‌ಳ ತಲೆಗೆ ಹೋಗಿರಲಿಲ್ಲ. ಪಕ್ಕದಲ್ಲಿ ಕಪ್ಪು ಬೀಸಣಿಗೆ ಹಿಡಿದು ಕೂತಿದ್ದ ಅಜ್ಜಿ ಮಾತ್ರ ಎಲ್ಲ ತಿಳಿದವರಂತೆ ತಲೆಯಾಡಿಸಿದ್ದರು. ಬುರುಜಿನ ಮೇಲೆ ಈಗ ಇದ್ದವರು ಅವರಿಬ್ಬರೇ.

ಹ್ಯಾರಿಯೆಟ್ ಗೋಡೆಯ ಅಂಚಿಗೆ ಓಡಿ ಕೆಳಗೆ ಇಣುಕಿದಳು. ಕೂಗೋಣವೆಂದರೆ ಯಾವ ಭಾಷೆಯಲ್ಲಿ? ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಲೀಡ್ಸ್‌ನಿಂದ ಭಾಷೆ ಕಲಿಸಲು ಕರೆತಂದ ಶಿಕ್ಷಕಿ ಮಿಸ್ ಪಿಕರಿಂಗ್ ಬೆಳಿಗ್ಗೆಯೇ ಖಡಾಖಂಡಿತ ಹೇಳಿದ್ದರು: "ಇಲ್ಲಿನವರೊಬ್ಬರ ಹತ್ರ ಸ್ಪ್ಯಾನಿಷ್‌ನಲ್ಲಿ ಮಾತಾಡ್ಕೊಂಡು ಬಾ. ಒಂದು ಇಂಗ್ಲಿಷ್ ಪದ ಬಾಯಿಂದ ಬಿತ್ತೋ, ಪರೀಕ್ಷೆಗೆ ಕೂರಿಸಲ್ಲ ನೋಡು." ಹೋದ ವರ್ಷ ಫೇಲಾದವಳಿಗೆ ಇದೇ ಕೊನೆಯ ಅವಕಾಶ. 'ಕಾಪಾಡಿ' ಎನ್ನಲು ಸ್ಪ್ಯಾನಿಷ್‌ನಲ್ಲಿ ಏನೆನ್ನಬೇಕೋ, ಹಾಳಾದ್ದು, ನೆನಪಿಗೇ ಬರಲೊಲ್ಲದು.

ಅಜ್ಜಿ ನಗುತ್ತ ಗಾಳಿ ಬೀಸಿಕೊಳ್ಳುತ್ತಿದ್ದರು. ಈ ಊರಿನವರೇ ಇಷ್ಟು ನಿಶ್ಚಿಂತೆಯಿಂದಿದ್ದರೆ ತಾನೇಕೆ ಹೆದರಬೇಕು? ಹ್ಯಾರಿಯೆಟ್ ಧೈರ್ಯ ಮಾಡಿ ಸ್ಪ್ಯಾನಿಷ್‌ನಲ್ಲಿ ಕೇಳಿದಳು:

"ಮಾನ್ಯರೇ, ದ್ವಾರವು ಮುಚ್ಚಲ್ಪಟ್ಟಿದೆ. ಇದು ಸಾಮಾನ್ಯವೇ?"

ಅಜ್ಜಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಹೌದು. ಬಹಳ ಸಾಮಾನ್ಯ. ನಿನಗೆ ಸಹೋದರರು ಇರುವರೇ?"

ಎಂಥ ಒಳ್ಳೆಯ ಜೀವ! ಪರದೇಶದ ಹುಡುಗಿಗೆ ಅರ್ಥವಾಗಲೆಂದು ಎಷ್ಟು ನಿಧಾನವಾಗಿ ಮಾತಾಡುತ್ತಾರೆ!

"ಇಬ್ಬರು ಇರುವರು. ಒಂದು ಬೆಕ್ಕೂ ಇರುವುದು."

"ನನ್ನ ಬೆಕ್ಕು ದಪ್ಪವಾಗಿದೆ," ಎಂದರು ಅಜ್ಜಿ ಹೆಮ್ಮೆಯಿಂದ.

ಬೆಕ್ಕಿನ ಮಾತು ಮುಗಿಯಿತು. ಬಿಸಿಲಿನದೂ ಮುಗಿಯಿತು. ಹಣ್ಣುಗಳ ಹೆಸರು ಹೇಳಿಕೊಳ್ಳುತ್ತಿದ್ದಾಗ ಕೆಳಗೆ ಹಾರ್ನ್ ಕೇಳಿಸಿತು. ಬೆಟ್ಟದ ಬುಡದಲ್ಲಿ ನಿಂತಿದ್ದ ಪ್ರವಾಸಿ ಬಸ್ಸುಗಳಲ್ಲಿ ಒಂದು ಹೊರಟೇಬಿಟ್ಟಿತು. ತಮ್ಮದೋ ಬೇರೆಯವರದೋ, ಇಷ್ಟು ದೂರದಿಂದ ಗುರುತು ಹತ್ತಲಿಲ್ಲ. ಪರೀಕ್ಷೆ ಮಣ್ಣುಪಾಲಾಗಲಿ, ಇಂಗ್ಲಿಷ್‌ನಲ್ಲೇ ಕೂಗಿಬಿಡೋಣವೆಂದು ಹ್ಯಾರಿಯೆಟ್ ಬಾಯಿ ತೆರೆದಳು.

ಅಷ್ಟರಲ್ಲಿ ಅಜ್ಜಿ ಗೋಡೆಯ ಬಳಿಗೆ ನೆಗೆದು ನಿಂತು, "ಏಯ್, ನಿಲ್ಸ್ರೋ! ನನ್ನೊಬ್ಬಳನ್ನೇ ಬಿಟ್ಟು ಹೋಗ್ತಿದೀರಲ್ರೋ!" ಎಂದು ಅಪ್ಪಟ ಯಾರ್ಕ್‌ಷೈರ್ ಇಂಗ್ಲಿಷ್‌ನಲ್ಲಿ ಬೊಬ್ಬೆ ಹೊಡೆದರು.

ಆಮೇಲೆ ಹುಡುಗಿಯ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಸ್ಪ್ಯಾನಿಷ್‌ನಲ್ಲಿ ಬೇಡಿಕೊಂಡರು: "ಕ್ಷಮಿಸು ಮಗಳೇ, ಗಾಬರಿಯಲ್ಲಿ ನಿಮ್ಮ ಭಾಷೆ ಮರೆತುಹೋಯಿತು. ನಾನು ಇಂಗ್ಲಿಷ್ ಮಾತನಾಡಿದುದನ್ನು ದಯವಿಟ್ಟು ನಮ್ಮ ಸ್ಪ್ಯಾನಿಷ್ ಶಿಕ್ಷಕಿಗೆ ತಿಳಿಸದಿರು."