ತಾಡೋಬಾ ದಾರಿಯಲ್ಲಿ ಎರಡು ಚಹಾ

ಒದ್ದೆ ಬಟ್ಟೆಯಿಂದ ಆಗಷ್ಟೇ ಒರೆಸಿದ ಹೋಟೆಲ್ ಟೇಬಲ್ಲಿನ ಹುಳಿ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಅಪ್ಪ ನೆನಪಾಗುತ್ತಾರೆ.

ತುರ್ಭೆಯಲ್ಲಿ ಅಪ್ಪನದೊಂದು ಸಣ್ಣ ಉಡುಪಿ ಹೋಟೆಲ್ ಇತ್ತು. ಹುಲಿ ನೋಡಬೇಕೆಂದು ನಾನು ಹಟ ಹಿಡಿದೂ ಹಿಡಿದೂ ಕೊನೆಗೊಮ್ಮೆ ಬಾಡಿಗೆ ಕಾರಿನಲ್ಲಿ ತಾಡೋಬಾ ಕಾಡಿಗೆ ಹೊರಟಿದ್ದೆವು. ಅವತ್ತೂ ಅಪ್ಪ ನಸುಕಿಗೇ ಎದ್ದು, ವಡೆ ಹಿಟ್ಟು ರುಬ್ಬಿಸಿಕೊಟ್ಟೇ ಕಾರು ಹತ್ತಿದ್ದು. ಕಸಾರಾ ಘಾಟ್‌ನಲ್ಲಿ ಲಾರಿಗಳ ಹಿಂದೆ ನಿಂತು ನಿಂತು ನಮ್ಮ ಬೆನ್ನು ರೆಕ್ಸಿನ್ ಸೀಟಿಗೆ ಅಂಟಿತ್ತು.

ಘಾಟ್ ದಾಟಿದ ಮೇಲೆ ಒಂದು ಹೋಟೆಲ್‌ನಲ್ಲಿ ಊಟಕ್ಕೆ ಕೂತೆವು. ಆರ್ಡರ್ ಕೇಳಲು ಯಾರೂ ಬಂದಿರಲಿಲ್ಲ. ಅಪ್ಪನ ಕಣ್ಣು ಮುಚ್ಚಿಹೋಗುತ್ತಿತ್ತು.

"ಇವತ್ತೊಂದಿನ ಆದ್ರೂ ಆರಾಮಾಗಿ ಕೂತ್ಕೊಳ್ಳಿ ಮಾರಾಯ್ರೆ," ಅಂದಳು ಅಮ್ಮ.

ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಮಾಣಿಗೆಂದು ಕೂಗಿದರು. "ಅಣ್ಣಾ, ದೋನ್ ಚಹಾ!"

"ಹೋ, ಆಣತೋ," ತರ್ತೇನೆ ಎಂದು ಮರಾಠಿಯಲ್ಲೇ ಹೇಳುತ್ತ ಅಪ್ಪ ಎದ್ದೇಬಿಟ್ಟರು. ಅಲ್ಲಿ ಬಿದ್ದಿದ್ದ ಬಟ್ಟೆ ತೆಗೆದು ಅವರ ಟೇಬಲ್ ಒರೆಸಿದರು. ಒಳಗಿನಿಂದ ಎರಡು ಗ್ಲಾಸ್ ಚಹಾ ತಂದಿಟ್ಟರು. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಾಗಲೇ ನಾವಿಬ್ಬರೂ ನೋಡುತ್ತಿರುವುದು ಅವರಿಗೆ ಕಂಡಿದ್ದು.

ಅಮ್ಮ ಬೈಯಲಿಲ್ಲ. ಹೆಗಲಿನ ಬಟ್ಟೆಯನ್ನು ಮೆಲ್ಲಗೆ ಎಳೆದು ತನ್ನ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಅಪ್ಪ ಕೂತರು.

ಆಗ ನಿಜವಾದ ಮಾಣಿ ಬಂದು ಅಪ್ಪನ ಮುಂದೆ ನಿಂತ. "ಕ್ಯಾ ಲಾವೂಂ, ಸಾಬ್?"

ಅಪ್ಪ ತಿರುಗಿ, ತಮ್ಮ ಹಿಂದೆ ಯಾರಿದ್ದಾರೆಂದು ನೋಡಿದರು.