ಇನ್ನೊಂದು ಹಳದಿ ಕಾರು

ರಾಘವ ಬಾಗಿ ಕಾರಿನ ಕಿಟಕಿಗೆ ಮೂಗು ಒತ್ತಿದ. ಈ ಪುಣ್ಯಾತ್ಮನೂ ತನ್ನ ಹಾಗೇ ಸೀಟಿನ ಪ್ಲಾಸ್ಟಿಕ್ ಕಿತ್ತಿರಲಿಲ್ಲ.

ಅದೇ ಹಳದಿ. ಅದೇ ಎರಡು ಬಾಗಿಲಿನ ಗಿಡ್ಡ ಮೈ. ಮುಂದೆ ಹಿಂದೆ ದೀಪ, ನಂಬರು ಎಲ್ಲ ಮುಚ್ಚುವಂತೆ ಅರ್ಧಕ್ಕೆ ಹಳೆಯ ಪತ್ರಿಕೆ ಅಂಟಿಸಿ ಪಾಲಿಶ್ ಮಾಡುತ್ತಿದ್ದರು. ಕಾಣುವಷ್ಟು ಭಾಗದಲ್ಲಿ ಒಂದು ಗೀರೂ ಇಲ್ಲ. ನಾಗಮಂಗಲದ ಈ ತಗಡಿನ ಶೆಡ್ಡಿನಲ್ಲಿ ತನ್ನ ಪಾಲಿನ ಶನಿ ಇಷ್ಟು ಚೆಂದವಾಗಿ ಮಿಂಚುತ್ತ ನಿಂತಿರುತ್ತದೆಂದು ಅವನು ಎಣಿಸಿರಲಿಲ್ಲ.

ಫೋನಿನಲ್ಲಿ ಸುದ್ದಿ ಮುಟ್ಟಿಸಿದವನು ಗೆಳೆಯ ಪುಟ್ಟರಾಜು. ಆಗ ರಾಘವ ಮೈಸೂರಿನಲ್ಲಿ, ಇಲಾಖೆಯ ವಾರದ ತರಬೇತಿ ಮುಗಿಸಿ ಊರಿಗೆ ಹೊರಡುವ ತಯಾರಿಯಲ್ಲಿದ್ದ.

"ಲೇ ರಾಘವ, ಇಂಥದ್ದು ಇರೋದು ನಿಂದೊಂದೇ ಅಂತ ಮೆರೀತಿದ್ಯಲ್ಲ, ಇಲ್ಲಿ ನಾಗಮಂಗಲದಾಗೆ ಅದರ ಅವಳಿ ನಿಂತೈತೆ ಕಣ್ಲಾ! ಸೈಫುಲ್ಲಾನ ಶೆಡ್ಡಲ್ಲಿ. ಬೇಕಾರೆ ಬಂದು ನೋಡು."

ರಾಘವನಿಗೆ ಊಟ ಸೇರಲಿಲ್ಲ. ಪಾಂಡವಪುರದಲ್ಲಿ ಮನೆ ಕಟ್ಟಬೇಕೆಂದು ಹೆಂಡತಿ ಕೌಸಲ್ಯ ಕನಸು ಕಂಡಿದ್ದ ಸೈಟು ಮಾರಿ ಅವನು ತನ್ನ ಹಳದಿ ಕಾರು ತಂದಿದ್ದ. ಆ ಮಾದರಿಯನ್ನು ಕಂಪನಿ ನಿಲ್ಲಿಸಿಬಿಟ್ಟಿತ್ತು. ಇನ್ನು ಬರುವುದೆಲ್ಲ ಸದ್ದೇ ಮಾಡದ ಬ್ಯಾಟರಿ ಗಾಡಿಗಳು. ಕೈಯಲ್ಲಿ ಗೇರು ಹಾಕಿ, ಕಾಲಲ್ಲಿ ಗುಟುರು ಹಾಕಿಸುವ ಇಂಥ ಕಾರು ಮುಂದೆ ಹುಟ್ಟುವುದಿಲ್ಲ, ನಾಳಿನ ಕ್ಲಾಸಿಕ್ ಇದೇ ಎಂದು ಅವನ ವಾದ. ಹಾಗಾಗಿ ಓಡಿಸುತ್ತಲೇ ಇರಲಿಲ್ಲ. ಶ್ರೀರಂಗಪಟ್ಟಣದ ಮನೆ ಪಕ್ಕದಲ್ಲಿ ಅದಕ್ಕೆ ಹೊದಿಕೆ ಹೊದಿಸಿ, ತಾನು ಬಸ್ಸಿನಲ್ಲಿ ನಿಂತುಕೊಂಡು ಕಚೇರಿಗೆ ಹೋಗುತ್ತಿದ್ದ.

"ಶೋಕೇಸಿಗೆ ಗೊಂಬೇನೇ ಬೇಕಿದ್ದರೆ ಚನ್ನಪಟ್ಟಣದಲ್ಲಿ ಸಿಗ್ತಿತ್ತಲ್ರೀ, ಸೈಟಾದರೂ ಉಳೀತಿತ್ತು" ಎಂದು ಕೌಸಲ್ಯ ಆಗಾಗ ಚುಚ್ಚುತ್ತಿದ್ದಳು.

ಕೊನೆಗೂ ಅವಳ ಬಾಯಿ ಮುಚ್ಚಿಸುವ ದಿನ ಬಂದಿತ್ತು. ಅಪರೂಪದ ಕಾರು ಕೂಡಿಡುವ ಮೈಸೂರಿನ ಶ್ರೀಮಂತರೊಬ್ಬರು ಮರುದಿನ ನೋಡಲು ಬರುವವರಿದ್ದರು. ಅವರದು ಒಂದೇ ಮಾತು: "ಕಂಪನಿಯಿಂದ ಇಳಿದ ಹಾಗೇ ಇರಬೇಕು. ಒಂದು ಸ್ಕ್ರೂ ಹೆಚ್ಚಿಗೆ ಹೊಡೆದಿದ್ದರೂ ನನಗೆ ಬೇಡ. ಆ ಕಡೆ ಇಂಥದ್ದು ಇನ್ನೊಂದಿದ್ದರೆ ಹೇಳಿ, ಅದನ್ನೂ ನೋಡಿಬಿಡ್ತೀನಿ."

ಇಲ್ಲವೇ ಇಲ್ಲ ಎಂದುಬಿಟ್ಟಿದ್ದ ರಾಘವ.

ಊರಿಗೆ ಹೋಗಬೇಕಾದವನು ನೇರ ನಾಗಮಂಗಲದ ಬಸ್ಸು ಹತ್ತಿದ. ದಾರಿಯಲ್ಲಿ ಹೆಂಡತಿಗೆ ಫೋನು ಮಾಡಿದ.

"ಕಾರು ಹೇಗಿದೆ?"

"ಹೆಂಡತಿ ಹೇಗಿದಾಳೆ ಅಂತ ಒಂದು ದಿನ ಕೇಳ್ಬೇಡಿ. ಅದರ ಚಿಂತೆ ನನಗೆ ಬಿಡಿ. ನಾಳೆ ನೋಡಿದವರು ಕಣ್ಣು ಕೀಳಬಾರದು, ಹಾಗಿರುತ್ತೆ."

ಅವನಿಗೆ ಸಮಾಧಾನವಾಯಿತು. ಉಳಿದದ್ದು ಇದೊಂದು ಕೆಲಸ.

"ಏನು ಬೇಕಿತ್ತು ಸಾರ್?" ಶೆಡ್ಡಿನ ಒಳಗಿಂದ ಸೈಫುಲ್ಲಾ ಬಂದ.

"ನಾನು ರಾಘವ ಅಂತ. ಶ್ರೀರಂಗಪಟ್ಟಣ."

ಸೈಫುಲ್ಲಾ ಕೈಯ ಬಟ್ಟೆ ಕೆಳಗಿಟ್ಟ. "ಅರೆ, ನೀವೇನಾ ಸಾರ್! ಕೇಳಿದೀನಿ ನಿಮ್ ವಿಷ್ಯ. ಕಾರನ್ನ ಕೂಸಿನಂಗೆ ಸಾಕ್ತೀರಂತೆ."

ತನ್ನ ಕೀರ್ತಿ ನಾಗಮಂಗಲದವರೆಗೂ ಹಬ್ಬಿದ್ದು ಕೇಳಿ ರಾಘವನ ಬೆನ್ನು ನೆಟ್ಟಗಾಯಿತು. ಕಾರು ಇವನದೇ, ಕೆಲಸ ಸಲೀಸಾಯಿತು ಅಂದುಕೊಂಡ.

"ಚೆನ್ನಾಗಿಟ್ಟಿದ್ದೀರಿ ಭಾಯ್."

"ನಂದೇನೈತೆ ಸಾರ್, ಒರೆಸಿದ್ದಷ್ಟೇ. ಬೇರೇನೂ ಮುಟ್ಟಿಲ್ಲ."

"ಅದೇ ತಪ್ಪಾಗಿರೋದು! ಎಷ್ಟು ಬೋಳಾಗಿ ಕಾಣ್ತಿದೆ ನೋಡಿ. ಈ ಕಾರಿಗೆ ಹಿಂದೊಂದು ರೆಕ್ಕೆ ಇರಬೇಕು. ಮೇಲೆ ಲಗೇಜು ಕ್ಯಾರಿಯರು. ಎರಡು ಮಗ್ಗುಲಿಗೂ ಬೆಂಕಿ ಜ್ವಾಲೆಯ ಸ್ಟಿಕರು."

ಸೈಫುಲ್ಲಾ ಕಣ್ಣರಳಿಸಿದ. "ಕ್ಯಾರಿಯರ್ರಾ? ಮೇಲೆ ತೂತು ಕೊರೀಬೇಕಾಯ್ತದೆ ಸಾರ್."

"ಕೊರೀರಿ."

"ಅಕ್ಕ ಬಯ್ತಾರೆ. ಏನೂ ಹಾಕ್ಬೇಡ ಅಂತ ಖಡಕ್ಕಾಗಿ ಏಳವ್ರೆ."

ಇವನ ಅಕ್ಕ ಸಾಮಾನ್ಯಳಲ್ಲ, ಕಾರಿನ ಬೆಲೆ ಬಲ್ಲವಳು ಎಂದುಕೊಂಡ ರಾಘವ. ತಡಮಾಡುವಂತಿರಲಿಲ್ಲ.

"ಹೆಂಗಸರಿಗೆ ಇದೆಲ್ಲ ಏನು ಗೊತ್ತಾಗುತ್ತೆ ಭಾಯ್? ಬಯ್ದರೆ ನನ್ನ ಹೆಸರು ಹೇಳಿ."

"ನೀವೇ ಏಳಿದ್ಮೇಲೆ ಇನ್ನೇನು ಬುಡಿ" ಎಂದು ಸೈಫುಲ್ಲಾ ಡ್ರಿಲ್ಲು ಎತ್ತಿಕೊಂಡ.

ಡ್ರಿಲ್ಲಿನ ಮೊನೆ ಹಳದಿ ತಗಡಿಗೆ ತಾಗುವ ಮುಂಚೆ ರಾಘವ ಒಂದು ಹೆಜ್ಜೆ ಮುಂದಿಟ್ಟ. ನಂಬಿದವನ ಕಾರು ಕೆಡಿಸುತ್ತಿದ್ದೇನಲ್ಲ. ಅವನಾದರೂ ಯಾವ ಆಸೆ ಮಾರಿ ಕೊಂಡಿದ್ದನೋ. ಇನ್ನೂ ಬೇಡ ಅನ್ನಬಹುದು. ಬಾಯಿ ತೆರೆದೂಬಿಟ್ಟ. ಅಷ್ಟರಲ್ಲಿ ಸೈಟಿನ ಮೇಲೆ ಬೇರೆ ಯಾರೋ ಕಟ್ಟಿಸಿದ ಮನೆಯನ್ನು ಕೌಸಲ್ಯ ಬಸ್ಸಿನ ಕಿಟಕಿಯಿಂದ ತಿರುತಿರುಗಿ ನೋಡಿದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡ. ಡ್ರಿಲ್ಲು ಕಿರುಚಿತು. ಒಂದು ತೂತು ಬಿದ್ದ ಮೇಲೆ ಉಳಿದವಕ್ಕೆ ಅಷ್ಟು ಸಂಕಟವಾಗಲಿಲ್ಲ.

ಆಮೇಲಂತೂ ಅವನಿಗೆ ಹುರುಪೇ ಬಂತು. ಡಿಕ್ಕಿಯ ಮೇಲೆ ರೆಕ್ಕೆ ಎದ್ದಿತು. ಮಗ್ಗುಲಲ್ಲಿ ಬೆಂಕಿ ಉರಿಯಿತು. ಸೀಟಿನ ಪ್ಲಾಸ್ಟಿಕ್ಕನ್ನು ಮಾತ್ರ ಬೇರೆಯವರಿಗೆ ಬಿಡದೆ ತಾನೇ ಪರಪರ ಹರಿದ. ಹುಲಿಚರ್ಮದಂಥ ಕವರು ಹಾಕಿಸಿದ. ಹಿಂದಕ್ಕೆ ತೆಗೆದರೆ ಮಗು ಅತ್ತಂತೆ ಕೂಗುವ ಹಾರ್ನನ್ನೂ ಮರೆಯಲಿಲ್ಲ.

ಕೆಲಸ ಮುಗಿದಾಗ ಹೊತ್ತು ಇಳಿದಿತ್ತು. ರಾಘವ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಜಾತ್ರೆಗೆ ಹೊರಟ ಟೆಂಪೋದಂತಿತ್ತು. ಇದನ್ನು ಯಾವ ಶ್ರೀಮಂತನೂ ಕಣ್ಣೆತ್ತಿ ನೋಡಲಾರ. ಈ ಸೀಮೆಗೆಲ್ಲ ಇನ್ನು ಅಸಲಿ ಕಾರು ಒಂದೇ.

"ಈಗ ನೋಡಿ ಹೇಗಿದೆ, ಭಾಯ್!" ಎಂದು ಸೈಫುಲ್ಲಾನ ಬೆನ್ನು ತಟ್ಟಿ, ಬಸ್ ನಿಲ್ದಾಣದ ಕಡೆ ತಿರುಗಿದ.

"ಬಸ್ಸು ಯಾಕೆ ಸಾರ್?" ಸೈಫುಲ್ಲಾ ಕೀಲಿಕೈ ಚಾಚಿದ. "ನಾಳೆ ಯಾರೋ ನೋಡಕ್ಕೆ ಬರ್ತಾರೆ, ಬರೀ ಪಾಲಿಶ್ ಮಾಡ್ಕೊಡು ಅಂತ ಕೌಸಲ್ಯಕ್ಕ ಫೋನ್ ಮಾಡಿದ್ರು. ಗಾಡಿ ನೀವೇ ಓಡಿಸ್ಕೊಂಡು ಓಯ್ತೀರಾ, ಇಲ್ಲ ತಂದುಬುಟ್ಟ ನಿಮ್ಮ ಬಾಮೈದಾನೇ ಬರ್ಬೇಕಾ?"