ಅಂಗೈ ಕೆಳಗಿನ ಅಂಗೈ

ಸಹಿ ಬೀಳುವವರೆಗೆ ಕಾಫಿ ಲೋಟ ಮುಟ್ಟಬಾರದೆಂದು ಪುಟ್ಟಬಸಮ್ಮ ಹೂಟಗಳ್ಳಿಗೆ ಬರುವ ಬಸ್ಸಿನಲ್ಲೇ ತೀರ್ಮಾನಿಸಿದ್ದರು. ಎದುರಿಗೆ ಕುಳಿತಿದ್ದ ಚಂದ್ರಮತಿ ಅವರ ಮಗನ ಮೊದಲ ಹೆಂಡತಿ. ಮೇಜಿನ ಮೇಲೆ ಕೆನಡಾದ ವಕೀಲ ಕಳಿಸಿದ ಒಂದು ಹಾಳೆ. ಅಮರೇಶ್ ಬದಲಾಗಿದ್ದಾನೆ, ಅವನ ಮೇಲೆ ನನಗೆ ಯಾವ ದೂರೂ ಉಳಿದಿಲ್ಲ ಎಂಬುದು ಅದರ ಸಾರ.

ಚಂದ್ರಮತಿಯ ಮೇಲೆ ಕೈಮಾಡಿದ್ದಕ್ಕೆ ಅಲ್ಲಿಯ ಕೋರ್ಟು ಅಮರೇಶನನ್ನು ನಾಲ್ಕು ತಿಂಗಳು ಜೈಲಿಗೆ ಕಳಿಸಿತ್ತು. ಅದಾಗಿ ಏಳು ವರ್ಷ. ಈಗ ಎರಡನೆಯ ಹೆಂಡತಿ ಲಾಸ್ಯಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರೆ, ವೀಸಾ ಅಧಿಕಾರಿಯ ಕಣ್ಣಿಗೆ ಆ ಹಳೆಯ ಶಿಕ್ಷೆಯೇ ಬಿದ್ದಿತ್ತು. ಮೊದಲ ಹೆಂಡತಿಯ ಪತ್ರ ಸಿಕ್ಕರೆ ದಾರಿಯಿದೆ ಎಂದಿದ್ದ ವಕೀಲ.

ಚಂದ್ರಮತಿ ಬಲಗಿವಿಯನ್ನು ಮುಂದೆ ಮಾಡಿ ಕುಳಿತಿದ್ದಳು. ಎಡಗಿವಿ ಕೇಳುತ್ತಿರಲಿಲ್ಲ.

"ಆ ಹುಡುಗಿಗೆ ಎಲ್ಲ ಗೊತ್ತೇನತ್ತೆ?"

"ಹೇಳಿದೀನಿ ಕಣಮ್ಮ."

"ಏನಂತ?"

ಪುಟ್ಟಬಸಮ್ಮ ಸೆರಗು ಸರಿಮಾಡಿಕೊಂಡರು. "ಬೇಕಾದ್ರೆ ನಿನ್ನ ಕಾಲು ಹಿಡೀತೀನಿ."

"ಛೆ, ಬುಡಿ ಅತ್ತೆ. ನಾನು ವಾಪಸ್ ಬಂದಾಗ ಆರು ತಿಂಗಳು ತಲೆ ಬಾಚಿ ಊಟ ಮಾಡಿಸಿದೋರು ನೀವು." ಅವಳ ಕಣ್ಣು ಅತ್ತೆಯ ಎಡ ಮಣಿಕಟ್ಟಿನ ಮೇಲೆ ನಿಂತಿತು. "ಕೈ ಎಂಗಿದೆ?"

"ಚಳಿಗೆ ಸ್ವಲ್ಪ ಜಗ್ಗುತ್ತೆ."

"ವೀಸಾ ಆಗದಿದ್ರೆ ಏನ್ಮಾಡ್ತಾರಂತೆ?"

"ಎಲ್ಲ ಬಿಟ್ಟು ಇಲ್ಲಿಗೇ ಬಂದ್ಬುಡ್ತೀನಿ ಅಂತಾನೆ. ನನ್ನ ಜೊತೆಗೇ ಇರ್ತಾನಂತೆ."

ಚಂದ್ರಮತಿ ಆ ಮಣಿಕಟ್ಟನ್ನು ಮತ್ತೊಮ್ಮೆ ನೋಡಿದಳು. ಪೆನ್ನು ತೆಗೆದುಕೊಂಡಳು.

ಕಾಫಿ ಆರಿಹೋಗಿತ್ತು. ಪುಟ್ಟಬಸಮ್ಮ ತಳ ಕಾಣುವವರೆಗೂ ಕುಡಿದರು.

ಒಂಟಿಕೊಪ್ಪಲಿನ ಮನೆಯಲ್ಲಿ ಪುಟ್ಟಬಸಮ್ಮನ ಬೆಳಗಿನ ಪೂಜೆಗೆ ಲಾಸ್ಯ ಬೇಕೇ ಬೇಕು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ಪುಟ್ಟಬಸಮ್ಮನ ಎಡಗೈ ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಅಂಗೈ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಸೊಸೆಗೆ ಹೇಳಿದ್ದರು. ಮದುವೆಯಾಗಿ ಗಂಡನ ಜೊತೆ ಬರೀ ಇಪ್ಪತ್ತು ದಿನ ಕಳೆದಿದ್ದ ಆ ಹುಡುಗಿ, ಎರಡು ವರ್ಷದಿಂದ ದಿನವೂ ಅತ್ತೆಯ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟು, ಪೂಜೆ ಮುಗಿಯುವವರೆಗೆ ಅಲುಗಾಡದೆ ಕೂರುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

"ವೀಸಾ ಸಿಗದಿದ್ರೂ ನಿಮಗೇನು ನಷ್ಟ ಅತ್ತೆ?" ಒಂದು ದಿನ ಲಾಸ್ಯ ತಮಾಷೆ ಮಾಡಿದಳು. "ನಿಮ್ಮ ಮಗ ಇಲ್ಲಿಗೇ ಬರ್ತಾರೆ. ನಿಮಗೆ ಹಬ್ಬ."

ವಿಭೂತಿ ಕರಡಿಗೆ ಪುಟ್ಟಬಸಮ್ಮನ ತೊಡೆಯಿಂದ ಉರುಳಿತು. "ಅಪಶಕುನ ನುಡೀಬೇಡ ಕಣೆ!"

ಲಾಸ್ಯ ಬೆಪ್ಪಾದಳು. ಸಂಜೆ ಅತ್ತೆಯೇ ಮಲ್ಲಿಗೆ ತಂದು ಮುಡಿಸಿದಾಗ ಎಲ್ಲ ಮರೆತಳು.

ತಾಯಿಯದೂ ಒಂದು ಪತ್ರ ಬೇಕೆಂದು ವಕೀಲ ಬರೆದಿದ್ದ. ಪುಟ್ಟಬಸಮ್ಮ ಹೇಳುತ್ತ ಹೋದರು. ಲಾಸ್ಯ ಮುತ್ತಿನಂಥ ಅಕ್ಷರದಲ್ಲಿ ಬರೆದಳು. 'ನನ್ನ ಮಗ ನಮ್ಮ ಮನೆಯಲ್ಲಿ ಎಂದೂ ಯಾರ ಮೇಲೂ ಕೈ ಎತ್ತಿದವನಲ್ಲ.'

"ನಂಗೊತ್ತು ಅತ್ತೆ," ಎಂದಳು ಲಾಸ್ಯ. "ಗಂಡ ಹೆಂಡ್ತಿ ಜಗಳಕ್ಕೆ ಅಲ್ಲಿ ಪೊಲೀಸರು ಬಂದ್ಬುಡ್ತಾರೆ. ನೀವೇ ಹೇಳಿದ್ರಲ್ಲ."

ಪುಟ್ಟಬಸಮ್ಮ ಸಹಿ ಹಾಕಿದರು.

ಶ್ರಾವಣದಲ್ಲಿ ವೀಸಾ ಬಂತು. ಪುಟ್ಟಬಸಮ್ಮ ಕೂತು ಪೆಟ್ಟಿಗೆ ತುಂಬಿದರು: ಚಟ್ನಿಪುಡಿ, ಹುರಿಟ್ಟು, ಎರಡು ಸ್ವೆಟರ್. ತಳದಲ್ಲಿ, ಸೀರೆಗಳ ನಡುವೆ, ಎರಡು ದೊಡ್ಡ ಸೀಸೆ ನೋವಿನೆಣ್ಣೆ.

"ಇಷ್ಟೊಂದು ಯಾಕತ್ತೆ? ನಂಗಿನ್ನೂ ಇಪ್ಪತ್ತಾರು!"

"ಇರ್ಲಿ ಮಗಳೇ. ಬೇಕಾಗುತ್ತೆ."

ಕಾರು ಹತ್ತುವಾಗ ಲಾಸ್ಯ ಬಿಕ್ಕಿದಳು. "ಪೂಜೆಗೆ ಕೈ ಯಾರು ಹಿಡೀತಾರೆ?"

ಪುಟ್ಟಬಸಮ್ಮ ಅವಳ ಅಂಗೈಗೆ ಮುತ್ತಿಟ್ಟರು.

ಮೂರನೆಯ ದಿನ ಅಮರೇಶನ ಫೋನು. "ಬಂದ್ಲಮ್ಮ. ಇನ್ನು ನಾನು ಊರಿಗೆ ಬರೋ ಮಾತಿಲ್ಲ."

ಫೋನಿಟ್ಟು ಅತ್ತವರನ್ನು ಪಕ್ಕದ ಮನೆಯ ಮಾದೇವಮ್ಮ ಸಮಾಧಾನ ಮಾಡಿದರು. "ಹೆತ್ತ ಕರುಳು ಕಣ್ರೀ. ಅತ್ಬುಡಿ, ಹಗುರಾಗುತ್ತೆ."

ನಿಜಕ್ಕೂ ಹಗುರಾಗಿತ್ತು.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತರು. ಆಸರೆಯಿಲ್ಲದ ಅಂಗೈ ವಾಲಿತು. ಜಾರುತ್ತಿದ್ದ ಲಿಂಗವನ್ನು ಬಲಗೈಯಿಂದ ಒತ್ತಿ ಹಿಡಿದು ಕಣ್ಣು ಮುಚ್ಚಿದರು.

"ಈ ಕೈ ಮುರಿದವನಿಗೆ ಇನ್ನೊಂದು ಕೈ ಕಳಿಸಿಕೊಟ್ಟಿದೀನಿ, ತಂದೆ. ಅವನು ಇತ್ತ ಬರದಂಗೆ ನೋಡ್ಕೋ."